ಸೊಂಟದ ಅಳತೆ

ಮಾರ್ಚ್ 4, ಮಂಗಳವಾರ

ಪ್ರೀತಿಯ ಮಗಳಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ನಾನು ಕ್ಷೇಮ ಎಂದು ಬರೆಯುವ ಹಾಗಿಲ್ಲ, ನೀನು ಕ್ಷೇಮವೇ ಎಂದು ಕೇಳುವ ಮುಖವೂ ನನಗಿಲ್ಲ. ಆದರೂ ಪತ್ರವೆಂದ ಮೇಲೆ ಹೀಗೆಯೇ ಶುರು ಮಾಡಬೇಕಲ್ಲ. ಬರೆಯುವುದು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎಷ್ಟು ತಡ ಎಂದರೆ ಒಂಬತ್ತು ವರ್ಷ. ನನ್ನ ನಂಬರಿನಿಂದ ಫೋನು ಮಾಡಿದರೆ ನಿನಗೆ ಸದ್ದೇ ಕೇಳದ ಹಾಗೆ ಮಾಡಿಟ್ಟಿದ್ದೀಯೆ ಎಂದು ನಿನ್ನ ತಮ್ಮ ಹೇಳಿದ. ಒಳ್ಳೆಯದೇ ಮಾಡಿದ್ದೀಯೆ. ಅದಕ್ಕೇ ಬಸ್ ಡಿಪೋದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಡ್ರೈವರುಗಳ ಕೋಣೆಯಲ್ಲಿ ಕೂತು ಪೂರ್ತಿ ಓದು. ಇದು ನಿನ್ನ ಮೈಯ ವಿಷಯವೇ, ಆದರೆ ಹಳೇ ರಾಗವಲ್ಲ.

ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಿನ್ನ ತಮ್ಮ ಆಸ್ಪತ್ರೆಯಲ್ಲಿದ್ದಾನೆ. ಅವನನ್ನು ಕಡ್ಡಿ ಎಂದು ಮೊದಲು ಕರೆದವಳು ನೀನು. ಆ ಕಡ್ಡಿಯ ಎಡಗಡೆ ಕಿಡ್ನಿಯಲ್ಲಿ ಕಿತ್ತಳೆಯಷ್ಟು ದೊಡ್ಡ ಗಡ್ಡೆ ಸಿಕ್ಕಿತು. ಕ್ಯಾನ್ಸರ್. ಹೋದ ಗುರುವಾರ ಕಿಡ್ನಿಯನ್ನೇ ತೆಗೆದರು. ಬಲಗಡೆಯದರಲ್ಲೂ ಎರಡು ಇವೆ, ಕಡಲೆಕಾಳಿನಷ್ಟು. ಅವನ್ನು ಸದ್ಯಕ್ಕೆ ಮುಟ್ಟದೆ ಕಣ್ಣಿಟ್ಟು ನೋಡುತ್ತಾರಂತೆ. ಆಪರೇಷನ್ ಮುಗಿಯುವ ತನಕ ಅಕ್ಕನಿಗೆ ಹೇಳಕೂಡದು, ಬಸ್ಸು ಓಡಿಸುವವಳು ತಲೆ ಕೆಡಿಸಿಕೊಂಡು ಓಡಿಸುವುದು ಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಈಗ ದಿಂಬಿಗೆ ಒರಗಿ ಕೂರುತ್ತಾನೆ. ಆಸ್ಪತ್ರೆಯ ಊಟಕ್ಕೆ ಹೆಸರಿಡುತ್ತಾನೆ, ಅಂದರೆ ಸುಧಾರಿಸುತ್ತಿದ್ದಾನೆ ಎಂದು ನರ್ಸು ಹೇಳಿದಳು.

ನಿನಗೆ ಗೊತ್ತಿದೆ, ನಮ್ಮ ಮನೆಯಲ್ಲಿ ಕಿಡ್ನಿಯ ಮಾತೆಂದರೆ ದಪ್ಪದ ಮಾತು. ನಿನ್ನ ತಾತ ದಪ್ಪಗಿದ್ದರು, ಕಿಡ್ನಿಯಲ್ಲಿ ಗಡ್ಡೆಯಾಗಿ ಹೋದರು. ನನ್ನ ಅಕ್ಕ, ನಿನ್ನ ಅತ್ತೆ, ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ನಲವತ್ತೊಂದಕ್ಕೇ ಹೋದಳು, ಅದೇ ಗಡ್ಡೆ. ಇಬ್ಬರಿಗೂ ಹೆಗಲು ಕೊಟ್ಟವನು ನಾನು. ನಮ್ಮ ವಂಶದಲ್ಲಿ ದಪ್ಪಗಾದವರನ್ನು ಕಿಡ್ನಿ ತಿನ್ನುತ್ತದೆ ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ. ನೀನು ಹುಟ್ಟಿದ್ದೇ ಅತ್ತೆಯ ಅಚ್ಚಿನಂತೆ. ನಿನ್ನಮ್ಮ ನಿನ್ನನ್ನು ಎತ್ತಿಕೊಂಡು ಮುದ್ದಾಡುವಾಗ ನನಗೆ ನಿನ್ನ ಕೆನ್ನೆ ಕಾಣುತ್ತಿರಲಿಲ್ಲ, ಅಕ್ಕನ ಹಾಸಿಗೆ ಕಾಣುತ್ತಿತ್ತು. ಅಮ್ಮ ಹೋದ ಮೇಲಂತೂ ಹೇಳುವವರು ಕೇಳುವವರು ಇರಲಿಲ್ಲ. ನಿನ್ನ ತಟ್ಟೆಗೆ ಕಾವಲು ಕೂತೆ. ಹೊಲಿಗೆ ಅಂಗಡಿಗೆ ಬಂದ ಗಿರಾಕಿಗಳ ಮುಂದೆ, "ಇವಳಿಗೊಂದು ಅಂಗಿ ಹೊಲಿಯೋಕೆ ಇಡೀ ಬಟ್ಟೆ ಥಾನೇ ಬಿಚ್ಚಬೇಕು" ಎಂದು ನಗೆಯಾಡಿದೆ. ಅವರು ನಕ್ಕರು, ನೀನು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದೆ. ಹೆದರಿದವನು ಹೆದರಿದ್ದೇನೆ ಎಂದು ಹೇಳಬೇಕು. ನಾನು ಗೇಲಿ ಮಾಡಿದೆ.

ಕಡ್ಡಿಯ ವಿಷಯದಲ್ಲಿ ಮಾತ್ರ ನಿಶ್ಚಿಂತೆಯಾಗಿದ್ದೆ. ಹೋದ ವರ್ಷ ಅವನು ನಾಲ್ಕು ಪ್ಯಾಂಟು ತಂದು, "ಅಪ್ಪಾ, ಸೊಂಟ ಸ್ವಲ್ಪ ಹಿಡಿದುಕೊಡು, ಜಾರ್ತಾ ಇದೆ" ಎಂದ. ಮೂವತ್ತು ಇದ್ದದ್ದನ್ನು ಇಪ್ಪತ್ತೆಂಟಕ್ಕೆ ತಂದೆ. ನಾಲ್ಕು ತಿಂಗಳಿಗೆ ಮತ್ತೆ ಬಂದ, ಇಪ್ಪತ್ತೇಳು. ಚಳಿಗಾಲಕ್ಕೆ ಮತ್ತೆ ಬಂದ, ಇಪ್ಪತ್ತಾರು. ಮೂರು ಸಲವೂ ಬೆನ್ನು ತಟ್ಟಿ, "ಭೇಷ್ ಮಗನೆ, ನಮ್ಮ ವಂಶಕ್ಕೆ ನೀನೊಬ್ಬ ಬಚಾವ್" ಎಂದೆ. ಬೇರೆ ಯಾವ ಅಪ್ಪನಾದರೂ ಹುಡುಗ ಯಾಕೆ ಸೊರಗಿದ್ದಾನೆ ಎಂದು ಮುಖ ನೋಡುತ್ತಿದ್ದ. ನಾನು ಟೇಪು ನೋಡಿದೆ. ಮೂರನೆಯ ಸಲ ಸೊಂಟಕ್ಕೆ ಟೇಪು ಸುತ್ತಿದಾಗ ಅವನು ಎಡಪಕ್ಕ ಮುಟ್ಟಿದರೆ ಹಾ ಎಂದಿದ್ದ. ಕಚಗುಳಿಯೇನೋ ಎಂದು ನಕ್ಕೆ. ಮೂತ್ರದಲ್ಲಿ ರಕ್ತ ಬಂದ ಮೇಲೆ ತಾನೇ ಆಸ್ಪತ್ರೆಗೆ ಹೋದ.

ಅಲ್ಲಿ ಒಬ್ಬ ಜೀನ್ ಡಾಕ್ಟರಮ್ಮ ಇದ್ದಾರೆ, ನಿನ್ನ ವಯಸ್ಸಿನವರೇ. ನಮ್ಮ ಮನೆಯ ಸಾವುಗಳನ್ನೆಲ್ಲ ಕೇಳಿ ಒಂದು ಕಾಗದದ ಮೇಲೆ ಚೌಕ, ಸೊನ್ನೆ ಎಳೆದು ಗುರುತು ಹಾಕಿಕೊಂಡರು. ನನ್ನ ರಕ್ತವನ್ನೂ ತೆಗೆದರು. ಅವರು ತಿಳಿಸಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಮೈಯ ಕಣಕಣದಲ್ಲೂ ಗಡ್ಡೆ ಆಗದ ಹಾಗೆ ಕಾಯುವ ಒಂದು ಜೀನ್ ಜೋಡಿ ಇರುತ್ತದಂತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನಮ್ಮ ವಂಶದಲ್ಲಿ ಅದರಲ್ಲೊಂದು ಹುಟ್ಟುವಾಗಲೇ ಕೆಟ್ಟಿರುತ್ತದೆ. ಇನ್ನೊಂದು ನೆಟ್ಟಗಿರುವ ತನಕ ಏನೂ ಆಗುವುದಿಲ್ಲ. ಕಿಡ್ನಿಯ ಯಾವುದೋ ಒಂದು ಕಣದಲ್ಲಿ ಅದೂ ಕೆಟ್ಟಿತೆಂದರೆ ಅಲ್ಲಿಂದ ಗಡ್ಡೆ ಶುರು. ಅಳತೆಯ ಕಾಗದದಲ್ಲೇ ಗೆರೆ ತಪ್ಪಾಗಿದ್ದರೆ ಅದನ್ನಿಟ್ಟು ಕತ್ತರಿಸಿದ ಅಂಗಿಗಳಿಗೂ ಆ ತಪ್ಪು ಬರುತ್ತದಲ್ಲ, ಹಾಗೆ ಎಂದು ನಾನು ತಿಳಿದುಕೊಂಡೆ.

"ಹಾಗಾದ್ರೆ ದಪ್ಪಕ್ಕೂ ಇದಕ್ಕೂ ಸಂಬಂಧ ಇಲ್ವಾ ಡಾಕ್ಟ್ರೇ?" ಎಂದು ಕೇಳಿದೆ.

"ತೂಕ ಜಾಸ್ತಿ ಇದ್ರೆ ಯಾರಿಗೇ ಆಗ್ಲಿ ಕಿಡ್ನಿ ಕ್ಯಾನ್ಸರಿನ ಅಪಾಯ ಒಂದಿಷ್ಟು ಜಾಸ್ತಿನೇ. ಸುಳ್ಳು ಹೇಳಲ್ಲ ನಾನು. ಆದ್ರೆ ನಿಮ್ಮ ಮನೆ ಜೀನ್ ತರೋ ಅಪಾಯ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದು ಸಣ್ಣಗಿರೋರು, ದಪ್ಪಗಿರೋರು ಅಂತ ನೋಡಲ್ಲ. ನಿಮ್ಮ ಮಗನ್ನೇ ನೋಡಿ."

ನನ್ನ ರಕ್ತದಲ್ಲೂ ಆ ತಪ್ಪು ಇದೆ. ಕಿಡ್ನಿಯಲ್ಲಿ ಮಾತ್ರ ಅರವತ್ಮೂರಾದರೂ ಒಂದು ಚುಕ್ಕೆಯೂ ಇಲ್ಲ. ಕೆಲವರು ಹೀಗೆ ತಪ್ಪಿಸಿಕೊಳ್ಳುತ್ತಾರಂತೆ. ನನ್ನಿಂದ ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ. ಕಡ್ಡಿಗೆ ಬಂದಿದೆ. ನಿನಗೆ ಬಂದಿದೆಯೋ ಇಲ್ಲವೋ ಒಂದು ಸಣ್ಣ ಕೊಳವೆ ರಕ್ತ ಕೊಟ್ಟರೆ ಗೊತ್ತಾಗುತ್ತದೆ. ಇಲ್ಲವೆಂದರೆ ಈ ಪೀಡೆ ನಿನಗಿಲ್ಲ. ಇದ್ದರೆ ವರ್ಷ ವರ್ಷ ಸ್ಕ್ಯಾನ್ ಮಾಡಿ, ಗಡ್ಡೆ ಸಣ್ಣದಿರುವಾಗಲೇ ಅದಷ್ಟನ್ನೇ ತೆಗೆದು ಕಿಡ್ನಿ ಉಳಿಸುತ್ತಾರೆ. ನಿನ್ನ ತಮ್ಮನಿಗೆ ಆ ಅವಕಾಶ ಸಿಗಲಿಲ್ಲ. ಬೇಗ ಹೋಗಿ ರಕ್ತ ಕೊಡು ತಾಯಿ. ಡಾಕ್ಟರಮ್ಮನ ನಂಬರು ಹಿಂದುಗಡೆ ಬರೆದಿದ್ದೇನೆ.

ನೂರು ವರ್ಷ ಬಾಳು.

ನಿನ್ನ ಅಪ್ಪ

•

ಮಾರ್ಚ್ 19, ಬುಧವಾರ

ಮಗಳೇ,

ಆಶೀರ್ವಾದಗಳು. ಉತ್ತರಕ್ಕೆ ಉತ್ತರ ಬರೆಯಲು ಎಂಟು ದಿನ ತೆಗೆದುಕೊಂಡೆ. ಮೊದಲು ಬರೆದ ಮೂರನ್ನು ಹರಿದೆ. ಅವುಗಳಲ್ಲಿ ನಿನ್ನನ್ನು ಬೈದಿದ್ದೆ.

ನೀನು ಆಸ್ಪತ್ರೆಗೆ ಬಂದು ಹೋದದ್ದು ಗೊತ್ತಾಯಿತು. ನಾನು ಅಂಗಡಿ ತೆರೆಯಲು ಹೋಗುವ ಹೊತ್ತನ್ನೇ ನೋಡಿಕೊಂಡು ಬಂದೆಯಂತೆ. ಕಡ್ಡಿಗೆ ಕ್ಷೌರ ಮಾಡಿದೆಯಂತೆ, ಡಿಪೋದ ಜೋಕುಗಳನ್ನು ಹೇಳಿ ಅವನ ಹೊಲಿಗೆ ನೋಯುವಷ್ಟು ನಗಿಸಿದೆಯಂತೆ. ಅವನ ಮುಖ ನಾಲ್ಕು ದಿನ ಕಳೆಕಳೆಯಾಗಿತ್ತು. ನೀನು ಕೂತಿದ್ದ ಕುರ್ಚಿಯಲ್ಲಿ ಆಮೇಲೆ ನಾನು ಕೂತೆ.

ನನಗೆಂದು ಅವನ ಕೈಯಲ್ಲಿ ಕೊಟ್ಟುಹೋದ ಚೀಟಿ ಓದಿದೆ. "ನನ್ನ ಮೈಯನ್ನ ಇನ್ನು ಯಾರೂ ಅಳೆಯೋ ಹಾಗಿಲ್ಲ." ಅಷ್ಟೇ. ಸಂಬೋಧನೆ ಇಲ್ಲ, ಸಹಿ ಇಲ್ಲ.

ರಕ್ತ ಕೊಡುವುದಕ್ಕೆ ಇವಳಿಗೆ ಏನು ದಾಡಿ ಎಂದು ಕಡ್ಡಿಯ ಮೇಲೆ ರೇಗಿದೆ. ಅವನು ಹೇಳಿದ, "ಅಪ್ಪಾ, ಅಕ್ಕ ಡಾಕ್ಟರ ಹತ್ರ ಹೋಗಿ ಒಂಬತ್ತು ವರ್ಷ ಆಯ್ತು. ಗಂಟಲು ನೋವು ಅಂತ ಹೋದ್ರೂ ಮೊದಲು ತೂಕದ ಯಂತ್ರ ಹತ್ತಿಸ್ತಾರೆ. ಕಾಲು ಉಳುಕಿ ಹೋದಾಗ್ಲೂ ಸಣ್ಣ ಆಗು ಅಂತ ಕಳಿಸಿದ್ರು. ಡಿಪೋದಲ್ಲಿ ವರ್ಷಕ್ಕೊಂದ್ಸಲ ತಪಾಸಣೆ ಇರುತ್ತೆ. ಕಣ್ಣು ತೋರಿಸ್ತಾಳೆ, ಕಿವಿ ತೋರಿಸ್ತಾಳೆ, ತೂಕದ ಹೊತ್ತಿಗೆ ಮಾಯ. ಮೇಸ್ತ್ರಿ ಸುಮ್ನೆ ಏನೋ ಒಂದು ಬರ್ಕೊತಾನೆ."

ಇಬ್ಬರೂ ನಕ್ಕೆವು. ಆಮೇಲೆ ಅವನು ಕಿಟಕಿಯ ಕಡೆ ಮುಖ ತಿರುಗಿಸಿ, ಹೇಳಲೋ ಬೇಡವೋ ಎನ್ನುವಂತೆ ಇನ್ನೊಂದು ಮಾತು ಹೇಳಿದ. ಬಲಗಡೆ, ಪಕ್ಕೆಲುಬಿನ ಕೆಳಗೆ, ಹಿಂದಕ್ಕೆ, ನಿನಗೆ ಐದಾರು ತಿಂಗಳಿಂದ ನೋವಂತೆ. ಡ್ರೈವರ್ ಸೀಟು ಹಾಳಾಗಿದೆ ಎಂದು ಒಂದು ಸಲ ಹೇಳಿದೆಯಂತೆ, ಮೈಭಾರಕ್ಕೆ ನೋಯದೆ ಇನ್ನೇನು ಎಂದು ಇನ್ನೊಂದು ಸಲ.

ಮಗಳೇ, ಅದನ್ನು ಕೇಳಿದಾಗಿನಿಂದ ಕೆಲಸ ಸಾಗುತ್ತಿಲ್ಲ. ನರ್ಸುಗಳ ಹನ್ನೆರಡು ಜೊತೆ ಯೂನಿಫಾರ್ಮ್ ಮೇಜಿನ ಮೇಲೆ ಕತ್ತರಿಸಿದಂತೆಯೇ ಬಿದ್ದಿವೆ. ನಿನ್ನೆ ಎರಡು ಎಡತೋಳುಗಳನ್ನು ಒಂದೇ ಅಂಗಿಗೆ ಹೊಲಿದೆ. ಮೂವತ್ತೈದು ವರ್ಷದಲ್ಲಿ ಮೊದಲ ಸಲ.

ಡಾಕ್ಟರಮ್ಮನ ಬಾಗಿಲಲ್ಲಿ ಹೋಗಿ ನಿಂತೆ. ತೂಕ ನೋಡದೆ ಪರೀಕ್ಷೆ ಮಾಡುತ್ತೀರಾ ಎಂದು ಕೇಳಿದೆ. ರಕ್ತಕ್ಕೆ ತೂಕ ಯಾಕೆ ಎಂದರು. ಸ್ಕ್ಯಾನಿಗೆ ಎಂದೆ. "ಔಷಧಿ ಚುಚ್ಚಿ ಸ್ಕ್ಯಾನ್ ಮಾಡೋದಾದ್ರೆ ಎಷ್ಟು ಔಷಧಿ ಅಂತ ಗೊತ್ತಾಗೋಕೆ ತೂಕ ಬೇಕಾಗುತ್ತೆ. ಅವ್ರು ಯಂತ್ರಕ್ಕೆ ಬೆನ್ನು ಮಾಡಿ ನಿಲ್ಲಲಿ, ನಾನೊಬ್ಳೇ ನೋಡ್ತೀನಿ, ಬಾಯಿಬಿಟ್ಟು ಹೇಳಲ್ಲ. ಸಣ್ಣ ಆಗಿ ಅಂತ ಅವತ್ತು ಈ ಕೋಣೆಯಲ್ಲಿ ಯಾರೂ ಮಾತೆತ್ತಲ್ಲ, ನಂದು ಜವಾಬ್ದಾರಿ" ಎಂದರು. ನಾನು ಅವರ ಕೈ ಹಿಡಿದುಕೊಂಡು ಅತ್ತೆ. ಹೊರಗೆ ಕಾಯುತ್ತಿದ್ದವರು ನನಗೇ ಏನೋ ಕೆಟ್ಟ ಸುದ್ದಿ ಬಂತು ಎಂದುಕೊಂಡು ಕೂರಲು ಜಾಗ ಬಿಟ್ಟರು.

ಇನ್ನೇನು ಮಾಡಲಿ ಹೇಳು. ನೀನು ಹೇಳಿದ್ದನ್ನು ಮಾಡುತ್ತೇನೆ. ನನ್ನ ಮುಖ ತೋರಿಸಬೇಡ ಎಂದರೆ ತೋರಿಸುವುದಿಲ್ಲ. ಮನೆ ಬಿಟ್ಟು ಹೋಗು ಎಂದರೆ ಹೋಗುತ್ತೇನೆ. ನನಗೆ ಮಾಡಬೇಕಾದ ಶಿಕ್ಷೆಯನ್ನು ನಿನ್ನ ಕಿಡ್ನಿಗೆ ಮಾಡಬೇಡ.

ನಿನಗೆ ಒಳ್ಳೆಯದಾಗಲಿ. ಬೇರೆ ಆಶೀರ್ವಾದ ತೋಚುತ್ತಿಲ್ಲ.

ಅಪ್ಪ

•

ಏಪ್ರಿಲ್ 7, ಸೋಮವಾರ

ಮಗಳೇ,

ಮತ್ತೆ ಪತ್ರ ಬಂತೆಂದು ಬೇಸರ ಮಾಡಿಕೊಳ್ಳಬೇಡ. ಮೊನ್ನೆ ನಿನ್ನ ಬಸ್ಸಿಗೆ ಹತ್ತಿದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಹಾಗೆ ಮಾಡಬಾರದಿತ್ತು. ನಿನ್ನ ಕೆಲಸದ ಜಾಗ ಅದು.

ಮಾರುಕಟ್ಟೆ ನಿಲ್ದಾಣದಲ್ಲಿ ಜನದ ಮಧ್ಯೆ ನುಗ್ಗಿ ಹಿಂದಿನ ಸೀಟಿನಲ್ಲಿ ಕೂತೆ. ಮೇಲಿನ ಕನ್ನಡಿಯಲ್ಲಿ ನೀನು ನನ್ನನ್ನು ನೋಡಿದ್ದನ್ನು ನಾನೂ ನೋಡಿದೆ. ನಿಲ್ಲಿಸಿ ಇಳಿಸಿಬಿಡುತ್ತೀಯೆ ಎಂದುಕೊಂಡೆ. ನೀನು ಬ್ಲಿಂಕರ್ ಹಾಕಿ ಹೊರಟೆ. ಎಷ್ಟು ಚೆನ್ನಾಗಿ ಓಡಿಸುತ್ತೀಯೆ. ಆ ಇಕ್ಕಟ್ಟಿನ ತಿರುವಿನಲ್ಲಿ ಸಾಮಾನು ಗಾಡಿಯವನು ಅಡ್ಡ ಬಂದಾಗ ನಿಂತವರು ಒಬ್ಬರೂ ವಾಲಲಿಲ್ಲ. ನನ್ನ ಪಕ್ಕದ ಮುದುಕಿ, "ಈ ಹುಡುಗಿ ಬಸ್ಸಾದ್ರೆ ನಂಗೆ ನಿದ್ದೆ ಬರುತ್ತೆ ನೋಡಿ, ಅಷ್ಟು ನಯ" ಎಂದಳು. ನನ್ನ ಮಗಳು ಎಂದು ಹೇಳಬೇಕೆಂದು ಬಾಯಿಯ ತನಕ ಬಂತು. ಆ ಹಕ್ಕನ್ನು ಎಲ್ಲಿಂದ ತರಲಿ? ಸುಮ್ಮನೆ ಹೌದು ಎಂದೆ.

ಹೊಲಿಗೆಯವನಿಗೆ ಜನರ ಬೆನ್ನು ನೋಡುವುದು ಅಭ್ಯಾಸ. ಯಾರ ಭುಜ ಎಷ್ಟು ಇಳಿದಿದೆ ಎಂದು ಟೇಪಿಲ್ಲದೆ ಹೇಳಬಲ್ಲೆ. ನಿನ್ನ ಬಲಭುಜ ಎರಡು ಬೆರಳು ಇಳಿದಿದೆ. ಕೆಂಪು ದೀಪ ಬಂದಾಗಲೆಲ್ಲ ನಿನ್ನ ಕೈ ಸ್ಟೀರಿಂಗ್ ಬಿಟ್ಟು ಬಲಪಕ್ಕಕ್ಕೆ ಹೋಗಿ ಒತ್ತಿ ಹಿಡಿಯುತ್ತಿತ್ತು. ಹಸಿರು ಬಂದರೆ ವಾಪಸ್ಸು. ಹನ್ನೊಂದು ಸಿಗ್ನಲ್, ಹನ್ನೊಂದು ಸಲ. ನಾನು ಕಡ್ಡಿಯ ಎಡಪಕ್ಕ ನೋಡಿ ನಕ್ಕವನು, ಈ ಸಲ ನಗಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ನೀನು ತಿರುಗದೆ, "ಕೊನೇ ಸ್ಟಾಪು. ಇಳೀರಿ" ಎಂದೆ. ಮಾತು ಬಂದಾಗಿನಿಂದ ನನ್ನನ್ನು ನೀನು ಎಂದೇ ಕರೆದವಳು. ಪರಸ್ಥಳದ ಪ್ರಯಾಣಿಕನಿಗೆ ಕೊಡುವ ಮರ್ಯಾದೆಯನ್ನು ನನಗೆ ಕೊಟ್ಟೆ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಒಂದ್ಸಲ ರಕ್ತ ಕೊಡು. ಒಂದೇ ಸಲ" ಎಂದೆ.

ಆಗ ನೀನು ತಿರುಗಿದೆ. ಕೋಪವಿರಲಿಲ್ಲ ನಿನ್ನ ಮುಖದಲ್ಲಿ, ಬರೀ ಸುಸ್ತು. ಅವತ್ತು ನೀನು ಆಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ, ನಾನು ಸರಿಯಾಗಿ ಕೇಳಿಸಿಕೊಂಡಿದ್ದೇನೆ ಎಂದು ನಿನಗೆ ಗೊತ್ತಾಗಲಿ.

"ನೋವು ಅಂತ ಡಾಕ್ಟರ ಹತ್ರ ಹೋಗೋರು ತಮ್ಮ ಮೈ ಮಾತು ನಂಬ್ತಾರೆ. ನಂಗೆ ಆ ಅಭ್ಯಾಸನೇ ಹೋಗಿದೆ. ಊಟ ಬಿಟ್ರೂ ಊದ್ಕೊಂಡ ಮೈ ಇದು. ಹಸಿವು ಅಂದ್ರೂ ಸುಳ್ಳು, ಸುಸ್ತು ಅಂದ್ರೂ ಸುಳ್ಳು, ಈಗ ನೋವು ಅಂತಿದೆ. ಏನಂದ್ರೂ ಕೊಬ್ಬೇ. ಅದು ಹೇಳಿದ್ದನ್ನೆಲ್ಲ ಕೇಳ್ತಾ ಕೂತ್ರೆ ಬಸ್ಸು ಓಡಿಸೋರು ಯಾರು?"

ನೀನು ಬಾಗಿಲು ತೆರೆದೆ. ನಾನು ಇಳಿದೆ. ಆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಿನ್ನ ಬಸ್ಸು ಎರಡು ಸಲ ಹೋಗಿ ಬರುವ ತನಕ ಕೂತಿದ್ದೆ. ಎರಡು ಸಲವೂ ನೀನು ನೋಡಿದೆ, ನಾನು ಏಳಲಿಲ್ಲ. ಹಟ ಮಾಡಿದ್ದಲ್ಲ, ನಿನ್ನ ಮಾತನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ.

ಕಡ್ಡಿಗೆ ಮುಂದಿನ ಸ್ಕ್ಯಾನ್ ಈ ಗುರುವಾರ ಬೆಳಿಗ್ಗೆ ಹತ್ತಕ್ಕೆ. ಅದೇ ಹೊತ್ತಿಗೆ ನಿನಗೂ ಸಮಯ ಬರೆಸಿಟ್ಟಿದ್ದೇನೆ. ಅವನು ನಿನ್ನ ಜೊತೆಗಿರುತ್ತಾನೆ. ನಾನು ಬರುವುದಿಲ್ಲ, ಅವತ್ತು ಆ ಬೀದಿಯಲ್ಲೇ ಕಾಲಿಡುವುದಿಲ್ಲ. ಫಲಿತಾಂಶವನ್ನು ನನಗೆ ಹೇಳಬೇಕಾಗಿಯೂ ಇಲ್ಲ. ನಿನಗೆ ಗೊತ್ತಿದ್ದರೆ ಸಾಕು. ಆ ಜೀನ್ ನಿನಗೆ ಬಂದಿರದಿರಲಿ ಎಂದು ಯಾರನ್ನು ಬೇಡಬೇಕೋ ತಿಳಿಯದೆ, ಹೊಲಿಗೆ ಯಂತ್ರ ತುಳಿಯುತ್ತ ಬಾಯಿಗೆ ಬಂದವರನ್ನೆಲ್ಲ ಬೇಡುತ್ತಿದ್ದೇನೆ.

ನನ್ನ ಉಳಿದ ಆಯುಸ್ಸು ನಿಮ್ಮಿಬ್ಬರಿಗೆ ಸೇರಲಿ.

ನಿನ್ನ ಅಪ್ಪ

ತಾ. ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದೆ. ಊಟ ಬಿಟ್ಟರೂ ಊದಿಕೊಂಡ ಮೈ ಎಂದೆಯಲ್ಲ, ಅದಕ್ಕೆ ಉತ್ತರ ನನ್ನ ಹತ್ತಿರ ಇದೆ. ಇದುವರೆಗೆ ಯಾರಿಗೂ ಹೇಳಿಲ್ಲ.

ನಿನಗೆ ಹದಿಮೂರು ತುಂಬಿದಾಗಿನಿಂದ ಹದಿನೈದರ ತನಕ, ನೀನು ಶಾಲೆಗೆ ಹೋದ ಮೇಲೆ, ನಿನ್ನ ಬಟ್ಟೆಗಳ ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಕಾಲಂಗುಲ ಒಳಗೆ ಹಿಡಿದು, ಅದೇ ಬಣ್ಣದ ದಾರದಲ್ಲಿ ಮತ್ತೆ ಹೊಲಿದು ಇಸ್ತ್ರಿ ಹಾಕಿಡುತ್ತಿದ್ದೆ. ಬಿಗಿಯಾಯಿತು ಎಂದು ಹೆದರಿ ನೀನು ಕಡಿಮೆ ತಿನ್ನಲಿ ಎಂದು. ನೀನು ಕಡಿಮೆ ತಿಂದೆ. ನಾನು ಇನ್ನೊಂದು ಕಾಲಂಗುಲ ಹಿಡಿದೆ. ನೀನು ಸಂಜೆಯ ಊಟ ಬಿಟ್ಟೆ. ನಾನು ನಿಲ್ಲಿಸಲಿಲ್ಲ. ಶಾಲೆಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ತಲೆ ಸುತ್ತಿ ಬಿದ್ದೆ, ಕರೆದುಕೊಂಡು ಬರಲು ನಾನೇ ಬಂದೆ. ದಾರಿಯಲ್ಲಿ ನೀನು, "ಅಪ್ಪಾ, ನಾನು ನಿಜವಾಗ್ಲೂ ಏನೂ ತಿಂತಾ ಇಲ್ಲ. ಆದ್ರೂ ಯಾಕೆ ದಪ್ಪ ಆಗ್ತಿದೀನಿ?" ಎಂದು ಕೇಳಿದೆ. ನಾನು, "ನಿನ್ನ ಮೈಯೇ ಹಾಗೆ" ಎಂದೆ.

ನಿನ್ನ ಮೈ ಹಾಗಿರಲಿಲ್ಲ. ಆ ಎರಡು ವರ್ಷ ನೀನು ಸೊರಗುತ್ತಿದ್ದೆ. ಮೈ ಹಸಿವು ಎಂದಾಗ ನಿನಗೆ ನಿಜವಾಗಿ ಹಸಿದಿತ್ತು, ಸುಸ್ತು ಎಂದಾಗ ಸುಸ್ತಾಗಿತ್ತು. ಅದು ನಿನಗೆ ಒಂದು ದಿನವೂ ಸುಳ್ಳು ಹೇಳಿಲ್ಲ. ಹೇಳಿದವನು ನಾನು.

ನನ್ನನ್ನು ಕ್ಷಮಿಸಬೇಡ, ಅದನ್ನು ಕೇಳಲು ಬರೆಯುತ್ತಿಲ್ಲ. ಬಲಗಡೆ ನೋಯುತ್ತಿದೆ ಎಂದು ನಿನ್ನ ಮೈ ಹೇಳುತ್ತಿದೆ. ಅದರ ಮಾತು ನಂಬು. ಗುರುವಾರ ಹೋಗು.